ಊರ ನಾಯಿಗೆ ಯಾರು ಹೊಣೆ?



ಭಾತಂಬ್ರಾ ಇರಲಿ, ಭಾಲ್ಕಿ ಇರಲಿ, ಔರಾದ ಇರಲಿ, ಊರೊಳಗೆ ಕಾಲಿಟ್ಟೊಡನೆ ನಾಲ್ಕು ನಾಯಿಗಳು ಎದುರಾಗುತ್ತವೆ. ಇವು ಯಾರವು ಎಂದು ಕೇಳಿದರೆ "ಊರವು" ಎಂಬ ಉತ್ತರ ಬರುತ್ತದೆ. ಈ ಉತ್ತರಕ್ಕೆ ಎರಡು ಅರ್ಥಗಳಿವೆ. ಎಲ್ಲರವು ಎಂಬುದು ಒಂದು, ಯಾರವೂ ಅಲ್ಲ ಎಂಬುದು ಇನ್ನೊಂದು. ಹಸಿದು ಬಾಗಿಲಿಗೆ ಬಂದಾಗ ಅವು ಎಲ್ಲರವು. ಕಾಯಿಲೆ ಬಿದ್ದಾಗ, ಮರಿ ಹಾಕಿದಾಗ, ಮಗುವನ್ನು ಕಚ್ಚಿದಾಗ ಯಾರವೂ ಅಲ್ಲ. ದಿಕ್ಕಿಲ್ಲದ ನಾಯಿಯನ್ನು ಮನೆಗೆ ತಂದು ಸಾಕುವ ವಿಚಾರ ಮಾಡಬೇಕಾದರೆ ಈ ಎರಡನೆಯ ಅರ್ಥದಿಂದಲೇ ಆರಂಭಿಸಬೇಕು.

ಈ ಸೀಮೆಯ ಜನರಿಗೆ ನಾಯಿಯ ಬಗ್ಗೆ ಗೌರವವಿಲ್ಲ ಎನ್ನುವಂತಿಲ್ಲ. ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿ ಮೈಲಾರ ಮಲ್ಲಣ್ಣನ ಗುಡಿಯಿದೆ. ಮರಾಠಿಗರು ಖಂಡೋಬಾ ಎಂದು ಪೂಜಿಸುವ ದೇವರೂ ಇವನೇ. ಕುದುರೆಯೇರಿದ ಮೈಲಾರನ ಜೊತೆಗೆ ನಾಯಿ ಇದ್ದೇ ಇರುತ್ತದೆ. ಅವನ ಒಕ್ಕಲಾದ ಗೊರವರು ತಮ್ಮನ್ನು ದೇವರ ನಾಯಿಗಳೆಂದು ಭಾವಿಸಿ, ಬೊಗಳುತ್ತ, ದೋಣಿ ಎಂಬ ಪಾತ್ರೆಗೆ ಹಾಕಿದ ನೈವೇದ್ಯವನ್ನು ಕೈ ಹಚ್ಚದೆ ಬಾಯಿಂದಲೇ ಉಣ್ಣುತ್ತಾರೆ. ಗಾಣಗಾಪುರಕ್ಕೆ ಹೋಗಿಬರುವ ಭಕ್ತರ ಮನೆಯ ಪಟದಲ್ಲಿ ದತ್ತಾತ್ರೇಯನ ಕಾಲಬಳಿ ನಾಲ್ಕು ನಾಯಿಗಳಿವೆ. ಅವನ್ನು ನಾಲ್ಕು ವೇದಗಳೆಂದು ತಿಳಿಯುವುದು ವಾಡಿಕೆ. ಶರಣ ಹಾವಿನಹಾಳ ಕಲ್ಲಯ್ಯ ನಾಯಿಯ ಬಾಯಿಂದ ವೇದ ಓದಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ರೊಟ್ಟಿ ಕಚ್ಚಿಕೊಂಡು ಓಡಿದ ನಾಯಿಯ ಹಿಂದೆ, ಒಣ ರೊಟ್ಟಿ ತಿನ್ನಬೇಡವೆಂದು ತುಪ್ಪದ ಬಟ್ಟಲು ಹಿಡಿದು ಓಡಿದ ಸಂತ ನಾಮದೇವರ ಕಥೆಯನ್ನು ವಾರಕರಿ ಭಕ್ತರು ಇಂದಿಗೂ ಹೇಳುತ್ತಾರೆ.

ಆದರೆ ಗುಡಿಯಲ್ಲಿ ನಾಯಿಗೆ ಸಲ್ಲುವ ಮರ್ಯಾದೆ ಓಣಿಯಲ್ಲಿ ಸಲ್ಲುವುದಿಲ್ಲ. ಅಲ್ಲಿ ನಾಯಿ ಎಂಬುದು ಬೈಗುಳದ ಮಾತು. ಒಬ್ಬರು ರೊಟ್ಟಿ ಎಸೆದರೆ ಇನ್ನೊಬ್ಬರು ಕಲ್ಲು ಎಸೆಯುತ್ತಾರೆ. ರೊಟ್ಟಿ ಎಸೆದವರಿಗೆ ಪುಣ್ಯ ಬಂತೆಂಬ ಸಮಾಧಾನ, ಕಲ್ಲು ಎಸೆದವರಿಗೆ ಪೀಡೆ ತೊಲಗಿತೆಂಬ ಸಮಾಧಾನ. ಹೊಣೆ ಮಾತ್ರ ಇಬ್ಬರದೂ ಅಲ್ಲ.

ನಾಯಿಗೆ ಹೆಸರು, ಯಜಮಾನ ಮತ್ತು ಸತ್ತ ಮೇಲೂ ನೆನಪು ದೊರೆತ ಒಂದು ಉದಾಹರಣೆ ಕನ್ನಡ ಶಾಸನಗಳಲ್ಲಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಆ ಶಿಲಾಶಾಸನದ ಕಾಲ ಕ್ರಿ.ಶ. 949-50. ಇಲ್ಲಿಗೆ ದೂರವಲ್ಲದ ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಅದರಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಬೇಕಾದ್ದನ್ನು ಕೇಳಿಕೊಳ್ಳುವ ಅವಕಾಶ ಸಿಕ್ಕಿತು. ಅವನು ಕೇಳಿ ಪಡೆದದ್ದು 'ಕಾಳಿ' ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಣಲೇರ ಗುಡಿಯ ಎದುರಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ತಟ್ಟುತ್ತದೆಂಬ ಎಚ್ಚರಿಕೆಯೂ ಶಾಸನದಲ್ಲಿದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯನ್ನು ಪಡೆದವನು ಅದರ ಸಾವಿನವರೆಗೆ, ಸಾವಿನ ಆಚೆಗೂ ಹೊಣೆಗಾರನಾದ ಎಂಬುದೇ ಈ ಶಾಸನದ ಹಿರಿಮೆ.

ಹೊಣೆಯ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ಮನುಷ್ಯನಲ್ಲಿ ಲಕ್ಷಣ ತೋರಿಸಿದ ಮೇಲೆ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು. ಜಗತ್ತಿನಲ್ಲಿ ಈ ರೋಗದಿಂದ ಸಾಯುವವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಭಾರತದವರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮನುಷ್ಯರಿಗೆ ಈ ರೋಗ ತಗಲುವುದು ಬಹುಪಾಲು ನಾಯಿಗಳಿಂದ. ಅದಕ್ಕೆ ಹೆಚ್ಚಾಗಿ ಬಲಿಯಾಗುವವರಲ್ಲಿ 5ರಿಂದ 14 ವರ್ಷದ ಮಕ್ಕಳಿದ್ದಾರೆ. ಕಚ್ಚಿದ ಗಾಯಕ್ಕೆ ಖಾರದಪುಡಿ, ಸುಣ್ಣ ಹಚ್ಚಿ ಕೂರುವುದು ಜೀವಕ್ಕೆ ಅಪಾಯ. ಗಾಯವನ್ನು ಕೂಡಲೇ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ವೈದ್ಯರು ಹೇಳಿದಷ್ಟೂ ಚುಚ್ಚುಮದ್ದುಗಳನ್ನು ತಪ್ಪಿಸದೆ ಹಾಕಿಸಿಕೊಳ್ಳಬೇಕು. ಇನ್ನು ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಬಿದ್ದರೆ ರೋಗ ಹರಡುವ ಸರಪಳಿಯೇ ಕಡಿಯುತ್ತದೆ. ಅಂದರೆ ನಾಯಿಯನ್ನು ಕಾಪಾಡುವುದೂ ಮಗುವನ್ನು ಕಾಪಾಡುವುದೂ ಒಂದೇ ಕೆಲಸ.

ಕಾನೂನು ಹೇಳುವುದೂ ಇದನ್ನೇ. 2001ರಲ್ಲಿ ಬಂದ, 2023ರಲ್ಲಿ ಹೊಸದಾಗಿ ರೂಪಿಸಿದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕುವ ಕೆಲಸ ಸ್ಥಳೀಯ ಸಂಸ್ಥೆಗಳದು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಭಾಗದ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಗಳಿಗೆ ಸೇರಿಸಲು ಆದೇಶಿಸಿ, ಅದೇ ತಿಂಗಳ 22ರಂದು ಅದನ್ನು ಮಾರ್ಪಡಿಸಿತು. ಎರಡನೆಯ ಆದೇಶದಲ್ಲಿ, ಇಷ್ಟವುಳ್ಳವರು ಬೀದಿನಾಯಿಗಳನ್ನು ದತ್ತು ಪಡೆಯಲು ಅರ್ಜಿ ಹಾಕಬಹುದೆಂದು ಹೇಳಿತು. ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಪಡೆದವರ ಜವಾಬ್ದಾರಿ ಎಂಬ ಮಾತನ್ನೂ ಸೇರಿಸಿತು.

ಕರ್ನಾಟಕಕ್ಕೆ ಇದು ಹೊಸ ವಿಚಾರವೇನಲ್ಲ. ಇಂಗ್ಲೆಂಡಿನಿಂದ ಬಂದು ಭಾರತದಲ್ಲೇ ನೆಲೆಸಿದ್ದ ಕ್ರಿಸ್ಟಲ್ ರೋಜರ್ಸ್ ಎಂಬ ಮಹಿಳೆ 1991ರಲ್ಲಿ ಬೆಂಗಳೂರಿನಲ್ಲಿ 'ಕ್ಯೂಪಾ' ಎಂಬ ಸಂಸ್ಥೆ ಆರಂಭಿಸಿದರು. ಗಾಯಗೊಂಡ, ಯಜಮಾನರು ಬಿಟ್ಟುಹೋದ ಪ್ರಾಣಿಗಳಿಗೆ ಆರೈಕೆ ಮಾಡಿ ಹೊಸ ಮನೆ ಹುಡುಕಿಕೊಡುವುದು ಅಂಥ ಸಂಸ್ಥೆಗಳ ಕೆಲಸ. ಆಶ್ರಯತಾಣ ಎಂಬುದು ಧರ್ಮಶಾಲೆ ಇದ್ದಂತೆ. ಅಲ್ಲಿ ಕೆಲವು ದಿನ ಉಳಿಯಬಹುದು, ಬಾಳುವೆ ನಡೆಸಲಾಗದು. ಒಬ್ಬರು ಒಂದು ನಾಯಿಯನ್ನು ಮನೆಗೆ ಕರೆದೊಯ್ದರೆ ಅಲ್ಲಿ ಇನ್ನೊಂದಕ್ಕೆ ಜಾಗವಾಗುತ್ತದೆ.

ಹಳ್ಳಿಯಲ್ಲಿ ಆಶ್ರಯತಾಣವಿಲ್ಲದಿದ್ದರೂ ಈ ಕೆಲಸ ನಿಲ್ಲಬೇಕಾಗಿಲ್ಲ. ಓಣಿಯಲ್ಲಿ ಹುಟ್ಟಿದ ಕುನ್ನಿಮರಿಯೇ ಸಾಕು. ಮುಧೋಳದ ಬೇಟೆನಾಯಿಗೆ 2005ರಲ್ಲಿ ಅಂಚೆ ಚೀಟಿಯ ಗೌರವ ಬಂತು. ಅದಕ್ಕಾಗಿ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಸಂತೋಷದ ಸಂಗತಿ. ಆದರೆ ಹೆಸರಿಲ್ಲದ ಊರ ನಾಯಿಯೂ ಈ ನೆಲದ್ದೇ. ಅದರ ಮೈಕೂದಲು ಗಿಡ್ಡ, ಬೀದರಿನ ಬೇಸಿಗೆಯನ್ನು ತಾಳುವ ದೇಹ. ದುಡ್ಡು ಕೊಟ್ಟು ತಂದ ಶೀತದೇಶದ ತಳಿ ಆ ಬಿಸಿಲಿನಲ್ಲಿ ಪಡುವ ಪಾಡು ಇದಕ್ಕಿಲ್ಲ.

ಮರಿಯನ್ನು ಎಂಟು ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಬಾರದು. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಮರುಲಸಿಕೆ; ಜಂತುಹುಳುವಿನ ಔಷಧಿಯೂ ಬೇಕು. ಆರು ತಿಂಗಳ ಸುಮಾರಿಗೆ ಸಂತಾನಹರಣದ ಬಗ್ಗೆ ಪಶುವೈದ್ಯರನ್ನು ಕೇಳಬೇಕು. ಹೆಣ್ಣುಮರಿ ಎಂದು ದೂರ ಮಾಡುವವರು ಇದನ್ನು ತಿಳಿದರೆ ಎಷ್ಟೋ ಹೆಣ್ಣುಮರಿಗಳು ಊರಾಚೆ ಬಿಡಲ್ಪಡದೆ ಉಳಿಯುತ್ತವೆ. ಜೋಳದ ರೊಟ್ಟಿ ಕೊಡಬಹುದು, ಅದೊಂದೇ ಸಾಲದು. ಬೇಯಿಸಿದ ಮೊಟ್ಟೆ ಅಥವಾ ಮಾಂಸವೂ ಬೇಕು. ಖಾರ, ಉಳ್ಳಾಗಡ್ಡಿ, ದ್ರಾಕ್ಷಿ, ಚಾಕಲೇಟು ಬೇಡ. ನೆರಳು ಮತ್ತು ಸದಾ ತುಂಬಿದ ನೀರಿನ ಬಟ್ಟಲು ಇರಲೇಬೇಕು.

ಪೆಟ್ಟು ತಿಂದು ಬೆಳೆದ ದೊಡ್ಡ ನಾಯಿಯನ್ನು ತಂದರೆ ತಾಳ್ಮೆ ಇನ್ನೂ ಹೆಚ್ಚು ಬೇಕು. ಅದು ಮೊದಲ ದಿನಗಳಲ್ಲಿ ಮೂಲೆ ಸೇರಬಹುದು, ಕೈ ಎತ್ತಿದರೆ ಬೆದರಬಹುದು. ಅದು ಕೃತಘ್ನತೆಯಲ್ಲ, ನೆನಪು. ಒಂದು ಶಾಂತವಾದ ಜಾಗ ಕೊಟ್ಟು, ತಾನಾಗಿ ಹತ್ತಿರ ಬರುವವರೆಗೆ ಕಾಯಬೇಕು. ಉಣ್ಣುವಾಗ, ಮಲಗಿದಾಗ ಮಕ್ಕಳು ಮುಟ್ಟದಂತೆ ನೋಡಿಕೊಳ್ಳಬೇಕು. ಹಗಲಿಡೀ ಸರಪಳಿಯಲ್ಲಿ ಕಟ್ಟಿದ ನಾಯಿ ಕಾವಲಿಗಿಂತ ಹೆಚ್ಚಾಗಿ ಸಿಟ್ಟನ್ನೇ ಕಲಿಯುತ್ತದೆ.

ರಾಜ್ಯದ ಪಶುವೈದ್ಯ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರಿನ ನಂದಿನಗರ. ಮುಧೋಳದ ಕೇಂದ್ರವೂ ಅದರ ಅಡಿಯಲ್ಲೇ ಇದೆ. ವಿದ್ಯೆ ಇಷ್ಟು ಹತ್ತಿರವಿರುವ ಜಿಲ್ಲೆಯಲ್ಲಿ ಲಸಿಕೆಯಿಲ್ಲದ ನಾಯಿ, ಅದರಿಂದ ಸಾಯುವ ಮಗು ಎರಡೂ ಇರಬಾರದು. ಸಾಕಲು ಆಗದವರು ಓಣಿಯ ಒಂದು ನಾಯಿಗೆ ಲಸಿಕೆ ಹಾಕಿಸುವ ಹೊಣೆ ಹೊರಲಿ. ಸಾಕಲು ಆಗುವವರು ಒಂದಕ್ಕೆ ಹೆಸರಿಟ್ಟು ಬಾಗಿಲು ತೆರೆಯಲಿ. ಆಗ "ಇದು ಯಾರದು?" ಎಂದು ಕೇಳಿದವರಿಗೆ "ನಮ್ಮದು" ಎಂದು ಹೇಳಲು ಒಂದು ಮನೆಯಾದರೂ ಇರುತ್ತದೆ.