ಪ್ರಕೃತಿ ಮತ್ತು ಪ್ರತ್ಯಯ

ನಾನು ವಾಸವಾಗಿರುವುದು ಶಿವಮೊಗ್ಗದ ಕೋಟೆಯಲ್ಲಿ. ಒಂದೆಡೆ ಶಿವಪ್ಪನಾಯಕನ ಹೆಸರು ಹೊತ್ತ ಅರಮನೆ, ಇನ್ನೊಂದೆಡೆ ತುಂಗೆ. ಅರಮನೆಯನ್ನು ಮನುಷ್ಯ ಕಟ್ಟಿದ, ಹೊಳೆ ತಾನಾಗಿ ಹರಿಯಿತು ಎಂಬ ಭೇದದಲ್ಲಿ ಚಿಕ್ಕಂದಿನಲ್ಲಿ ನನಗೆ ಸಂಶಯವೇ ಇರಲಿಲ್ಲ. ಆದರೆ ಬೇಸಿಗೆಯಲ್ಲಿ ನಮ್ಮ ಸೋಪಾನಕ್ಕೆ ಎಷ್ಟು ನೀರು ಬರಬೇಕೆಂಬುದನ್ನು ಗಾಜನೂರಿನ ಅಣೆಕಟ್ಟು ನಿರ್ಧರಿಸುತ್ತದೆ. ಹಾಗಾದರೆ ಈ ತುಂಗೆಯನ್ನು ಪ್ರಕೃತಿ ಎನ್ನೋಣವೇ, ಮಾನವನಿರ್ಮಿತಿ ಎನ್ನೋಣವೇ?

ನೆರೆಯ ಭದ್ರಾವತಿಯಲ್ಲಿ ಈ ಪ್ರಶ್ನೆ ಇನ್ನೂ ತೊಡಕಿನದು. 1923ರಲ್ಲಿ ಅಲ್ಲಿ ಕಬ್ಬಿಣದ ಊದುಕುಲುಮೆ ಹೊತ್ತಿಕೊಂಡಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು; ಅದನ್ನು ಕರಗಿಸಿದ್ದು ಮಲೆನಾಡಿನ ಮರಗಳನ್ನು ಸುಟ್ಟು ಮಾಡಿದ ಇದ್ದಿಲು. ಮುಂದೆ ಕಾಗದದ ಕಾರ್ಖಾನೆಯೂ ಬಂತು. ಅದಕ್ಕಾಗಿ ನೀಲಗಿರಿ, ಅಕೇಶಿಯಾ ತೋಪುಗಳು ಜಿಲ್ಲೆಯ ಗುಡ್ಡಗಳನ್ನೇರಿದವು. 2015ರ ಸುಮಾರಿಗೆ ಯಂತ್ರಗಳು ನಿಂತವು. ಅಕೇಶಿಯಾ ಮಾತ್ರ ಎಷ್ಟೋ ಗುಡ್ಡಗಳಲ್ಲಿ ಉಳಿದುಕೊಂಡಿದೆ. ದಾರಿಹೋಕರು ಅದನ್ನು ನೋಡಿ, 'ಆಹಾ, ಎಂಥ ಕಾಡು!' ಎನ್ನುತ್ತಾರೆ.

ನಾನೂ ಹಾಗೆಂದವನೇ. 1980ರ ದಶಕದಲ್ಲಿ, ಹೊಸದಾಗಿ ಅಧ್ಯಾಪಕನಾಗಿದ್ದಾಗ, ವಿದ್ಯಾರ್ಥಿಗಳೊಡನೆ ಊರಾಚೆಯ ಬೋಳುಗುಡ್ಡವೊಂದರಲ್ಲಿ ಅಕೇಶಿಯಾ ಸಸಿಗಳನ್ನು ನೆಟ್ಟೆ. 'ಪ್ರಕೃತಿಯನ್ನು ಮರಳಿ ತರುತ್ತಿದ್ದೇವೆ' ಎಂದು ಭಾಷಣವನ್ನೂ ಮಾಡಿದೆ. ದನ ಮೇಯಿಸುತ್ತಿದ್ದ ವೃದ್ಧೆಯೊಬ್ಬಳು ಕೇಳಿದಳು: "ಮೇಷ್ಟ್ರೇ, ಇದ್ರ ಸೊಪ್ಪು ದನ ತಿಂತಾವಾ?" ನಾನು ನಕ್ಕು, "ನೆರಳಾದರೂ ಸಿಗುತ್ತದಲ್ಲ ಅಜ್ಜಿ" ಎಂದೆ.

ಇಪ್ಪತ್ತು ವರ್ಷಗಳ ಮೇಲೆ ಅಲ್ಲಿಗೆ ಹೋದೆ. ನೆರಳೇನೋ ದಟ್ಟವಾಗಿತ್ತು. ನೆಲದ ತುಂಬ ಒಣಗಿದ ತರಗು. ಹುಲ್ಲಿನ ಎಸಳಿಲ್ಲ, ದನಗಳಿಲ್ಲ, ಹಕ್ಕಿಗಳ ದನಿಯೂ ವಿರಳ. ನಾನು ಬೋಳೆಂದು ತಿಳಿದಿದ್ದ ಗುಡ್ಡದಲ್ಲಿ ಹಿಂದೆ ಕರಡವಿತ್ತು, ನೆಲ್ಲಿಯಿತ್ತು, ಕೌಳಿಯ ಮಟ್ಟಿಗಳಿದ್ದವು. ಅದು ಬೋಳಾದದ್ದು ನನ್ನ ಕೈಯಿಂದಲೇ.

ಇದಕ್ಕೆ ಪ್ರತಿಯಾಗಿ ಲಕ್ಕವಳ್ಳಿಯ ಭದ್ರಾ ಜಲಾಶಯವನ್ನು ನೋಡಿ. ಅದು ಸಂಪೂರ್ಣ ಮನುಷ್ಯರ ಕೆಲಸ. ಆದರೂ ಬೇಸಿಗೆಯಲ್ಲಿ ನೀರಿಳಿದು ದಿಬ್ಬಗಳು ತಲೆಯೆತ್ತಿದಾಗ, ಪಕ್ಷಿತಜ್ಞರು ರಿವರ್ ಟರ್ನ್ ಎನ್ನುವ ಹಕ್ಕಿಗಳು ಗುಂಪುಗುಂಪಾಗಿ ಬಂದು ಬರಿನೆಲದ ಮೇಲೆ ಮೊಟ್ಟೆಯಿಟ್ಟು ಮರಿಮಾಡುತ್ತವೆ. ಮುಳುಗಿದ ನೆಲದ, ನೆಲೆ ತಪ್ಪಿದವರ ಲೆಕ್ಕ ಇದರಿಂದ ಚುಕ್ತಾ ಆಗುವುದಿಲ್ಲ, ನಿಜ. ಆದರೆ ಹಕ್ಕಿಯು ಕಟ್ಟಿದವರು ಯಾರೆಂದು ಕೇಳುವುದಿಲ್ಲ. ಬದುಕಲು ಎಡೆಯುಂಟೇ ಎಂದು ನೋಡುತ್ತದೆ.

ವ್ಯಾಕರಣ ಪಾಠಮಾಡಿದವನಿಗೆ ಇಲ್ಲೊಂದು ಮಾತು ನೆನಪಾಗುತ್ತದೆ. ನಮ್ಮ ಶಾಸ್ತ್ರದಲ್ಲಿ ಪ್ರಕೃತಿಯೆಂದರೆ ಪದದ ಮೂಲರೂಪ. ಅದಕ್ಕೆ ಪ್ರತ್ಯಯ ಸೇರಿ ಪದವಾಗುತ್ತದೆ. 'ಹೊಳೆ'ಗೆ 'ಅಲ್ಲಿ' ಸೇರಿದರೆ 'ಹೊಳೆಯಲ್ಲಿ'. ಪ್ರತ್ಯಯ ಬಂದರೂ ಹೊಳೆ ಉಳಿದಿದೆ. ಮನುಷ್ಯನ ಕೈಯೂ ಅಂಥ ಪ್ರತ್ಯಯವೆಂದೇ ನನ್ನ ಭಾವನೆ. ಕೈ ಸೋಕದ ನೆಲ ನಮ್ಮ ಸೀಮೆಯಲ್ಲಿ ಎಷ್ಟಿದ್ದೀತು? ಸೋಕಿದ್ದು ದೋಷವಲ್ಲ, ಮೂಲವನ್ನೇ ಅಳಿಸಿ, ಅದರ ಮೇಲೆ ಹಸಿರು ಬಳಿದು, ಅದಕ್ಕೆ ಪ್ರಕೃತಿಯೆಂಬ ಹೆಸರಿಟ್ಟದ್ದು ದೋಷ.

ಮುಂದಿನ ವನಮಹೋತ್ಸವದಲ್ಲಿ ಗುಂಡಿ ತೋಡುವ ಮೊದಲು, ಆ ನೆಲದಲ್ಲಿ ಈಗ ಏನು ಬೆಳೆಯುತ್ತದೆ, ಯಾವ ಜೀವ ಅದನ್ನು ನಂಬಿದೆ ಎಂದು ಅಲ್ಲಿ ದನ ಮೇಯಿಸುವವರನ್ನು ಕೇಳಿರಿ. ನಾನು ಆ ಅಜ್ಜಿಗೆ ಕೊಡಬೇಕಿದ್ದ ಉತ್ತರವನ್ನು ಕೊಡಲಿಲ್ಲ. ಈಗ ಕೊಡೋಣವೆಂದರೆ ಆಕೆ ಇಲ್ಲ.