ಅಶ್ವಶಕ್ತಿ ಎಣಿಸಿ ತೀರ್ಪು ಕೊಟ್ಟ ತಪ್ಪಿಗೆ

ಇವತ್ತು ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ.

ಇದೇ ಕುರ್ಚಿಯಲ್ಲಿ ಕೂತು, ಬುಲೆಟಿನ್ ಕೊನೆಯ ಎರಡು ನಿಮಿಷದಲ್ಲಿ ನಾನೊಂದು ತೀರ್ಪು ಕೊಟ್ಟಿದ್ದೆ. ಪೋರ್ಷೆ 918 ಸ್ಪೈಡರ್, ಮೆಕ್‌ಲಾರೆನ್ ಪಿ1, ಲಾ ಫೆರಾರಿ. ಪೆಟ್ರೋಲ್ ಇಂಜಿನ್ ಜೊತೆ ವಿದ್ಯುತ್ ಮೋಟಾರ್ ಹೊತ್ತು, 2013ರ ಆಸುಪಾಸಿನಲ್ಲಿ ಒಟ್ಟೊಟ್ಟಿಗೆ ಬಂದ ಮೂರು ಹೈಪರ್‌ಕಾರುಗಳು. ಜಗತ್ತಿನ ಕಾರುಪ್ರಿಯರು ಇವತ್ತಿಗೂ ಇವುಗಳ ಮೇಲೆ ಜಗಳ ಆಡ್ತಾರೆ. ಫೆರಾರಿಗೆ 963 ಅಶ್ವಶಕ್ತಿ, ಮೆಕ್‌ಲಾರೆನ್‌ಗೆ 916, ಪೋರ್ಷೆಗೆ 887. ಲೆಕ್ಕ ಮುಗೀತು, ಫೆರಾರಿ ಫಸ್ಟ್ ಅಂದುಬಿಟ್ಟೆ.

ಮನೆಗೆ ಹೋದರೆ ಇಂಜಿನಿಯರಿಂಗ್ ಓದುವ ನನ್ನ ಅಣ್ಣನ ಮಗ ಕಾಯ್ತಾ ಕೂತಿದ್ದ. 'ಚಿಕ್ಕಪ್ಪ, ಮೂರೂ ಕಾರಲ್ಲಿ ಆ ಮೋಟಾರ್ ಯಾಕಿಟ್ಟಿದ್ದಾರೆ ಅಂತ ನೋಡಿದ್ರಾ?' ಅಂದ. ನೋಡಿರಲಿಲ್ಲ. ವಾರಕ್ಕೊಮ್ಮೆ ಬರುವ ರೇಟಿಂಗ್ ನಂಬರ್ ನೋಡಿ ನಗುವ, ಅಳುವ ಕಸುಬು ನಮ್ಮದು. ದೊಡ್ಡ ನಂಬರ್ ಕಂಡರೆ ಅದೇ ಗೆದ್ದಿತು ಅನ್ನೋದು ನಮಗೆ ಅಭ್ಯಾಸ ಆಗಿಹೋಗಿದೆ. ಆ ಹುಡುಗನ ಪ್ರಶ್ನೆ ಹಿಡಿದುಕೊಂಡು ಮತ್ತೆ ಮೊದಲಿಂದ ಓದಿದೆ. ಓದಿದ್ದನ್ನು ಇವತ್ತು ನಿಮ್ಮ ಮುಂದೆ ಇಡ್ತೀನಿ.

ಮೊದಲು ಫೆರಾರಿ. ಅದರ 6.3 ಲೀಟರ್, 12 ಸಿಲಿಂಡರ್ ಇಂಜಿನ್ನಿಗೇ 800 ಅಶ್ವಶಕ್ತಿ. ನಿಮಿಷಕ್ಕೆ 9,000 ಸುತ್ತು ದಾಟಿ ಕೂಗುವ ಇಂಜಿನ್ ಅದು. ಅಷ್ಟು ಮೇಲೆ ಕೂಗಬೇಕು ಅಂದ್ರೆ ಕೆಳಗಿನ ಸುತ್ತಿನಲ್ಲಿ ಸ್ವಲ್ಪ ಮಂಕಾಗಲೇಬೇಕು. ಆ ಕೊರತೆಯನ್ನು ಮೋಟಾರ್ ತುಂಬಿಕೊಡುತ್ತೆ. ಅಂದ್ರೆ ಇಲ್ಲಿ ವಿದ್ಯುತ್ತು ಹಾಡುಗಾರನ ಹಿಂದೆ ಕೂತ ಶ್ರುತಿಪೆಟ್ಟಿಗೆ. ಈ ಕಾರನ್ನು ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡೋಕಾಗಲ್ಲ, ಬರೀ ಬ್ಯಾಟರಿಯಲ್ಲಿ ಓಡಿಸುವ ಸ್ವಿಚ್ಚೂ ಇಲ್ಲ.

ಮೆಕ್‌ಲಾರೆನ್ ದಾರಿ ಬೇರೆ. ಅದರದ್ದು 3.8 ಲೀಟರ್, ಎರಡು ಟರ್ಬೊ ಇರುವ 8 ಸಿಲಿಂಡರ್ ಇಂಜಿನ್. ಟರ್ಬೊಗೆ ಒಂದು ರೋಗ ಇದೆ. ನೀವು ಒತ್ತಿದ ತಕ್ಷಣ ಬರಲ್ಲ, ಒಂದು ಕ್ಷಣ ಯೋಚನೆ ಮಾಡಿ ಬರುತ್ತೆ. ಆ ಒಂದು ಕ್ಷಣವನ್ನು ಮುಚ್ಚುವುದಕ್ಕೇ ಅಲ್ಲಿ ಮೋಟಾರ್. ಜೊತೆಗೆ, ಮನೆಯಲ್ಲಿ ಚಾರ್ಜ್ ಮಾಡಿಕೊಂಡು ಸುಮಾರು 10 ಕಿಲೋಮೀಟರ್ ಸದ್ದಿಲ್ಲದೆ ಹೋಗಬಹುದು.

ಇನ್ನು ನಾನು ಕೊನೆಯ ರ್‍ಯಾಂಕ್ ಕೊಟ್ಟಿದ್ದ ಪೋರ್ಷೆ. 4.6 ಲೀಟರ್ ಇಂಜಿನ್, ಎರಡು ಮೋಟಾರ್. ಅದರಲ್ಲಿ ಒಂದು ಮೋಟಾರನ್ನು ಮುಂದಿನ ಚಕ್ರಗಳಿಗೆ ಕೊಟ್ಟಿದ್ದಾರೆ. ಉಳಿದೆರಡು ಕಾರುಗಳ ಶಕ್ತಿಯೆಲ್ಲ ಹಿಂದಿನ ಎರಡೇ ಚಕ್ರಕ್ಕೆ ಹೋಗುತ್ತೆ. ಪೋರ್ಷೆ ನಾಲ್ಕೂ ಕಾಲೂರಿ ನಿಲ್ಲುತ್ತೆ. ಮೈಸೂರಿನ ಯಾವುದೇ ಗರಡಿಮನೆಯ ಪೈಲ್ವಾನರನ್ನು ಕೇಳಿ ನೋಡಿ, ತೋಳಿನಲ್ಲಿ ಎಷ್ಟು ಬಲ ಇದ್ದರೂ ಮಣ್ಣಿನಲ್ಲಿ ಕಾಲು ನಿಲ್ಲದಿದ್ದರೆ ಬೆನ್ನು ನೆಲಕ್ಕೆ ಅಂತಾರೆ.

ಈಗ ಓಟ ನೋಡೋಣ. ಕಂಪನಿಗಳೇ ಕೊಟ್ಟ ಲೆಕ್ಕ ಇದು. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ ಪೋರ್ಷೆಗೆ 2.6 ಸೆಕೆಂಡ್, ಮೆಕ್‌ಲಾರೆನ್‌ಗೆ 2.8. ಫೆರಾರಿ '3ಕ್ಕಿಂತ ಕಡಿಮೆ' ಅಂತಷ್ಟೇ ಹೇಳಿತು. ಶಕ್ತಿ ಕಡಿಮೆ ಇರೋನು, ಮೈಭಾರ ಜಾಸ್ತಿ ಇರೋನು ಇಲ್ಲಿ ಮುಂದೆ! ಆದರೆ 300 ಕಿ.ಮೀ. ವೇಗ ಮುಟ್ಟೋಕೆ ಫೆರಾರಿಗೆ 15 ಸೆಕೆಂಡ್, ಮೆಕ್‌ಲಾರೆನ್‌ಗೆ 16.5. ಪೋರ್ಷೆಗೆ ಹೆಚ್ಚುಕಡಿಮೆ 20. ಕಾಲೂರುವ ಕೆಲಸ ಮುಗಿದ ಮೇಲೆ ಶಕ್ತಿ ಮತ್ತು ತೂಕದ ಲೆಕ್ಕ ಶುರುವಾಗುತ್ತೆ, ಅಲ್ಲಿ ಪೋರ್ಷೆ ಹಿಂದೆ. ಹಾಗಾದ್ರೆ ಯಾರು ವೇಗ? ಎಲ್ಲಿಯವರೆಗೆ ಅಂತ ಕೇಳದೆ ಉತ್ತರ ಹೇಳೋಕೇ ಬರಲ್ಲ.

ಅಂದ ಚೆಂದದ ವಿಷಯಕ್ಕೆ ಬರ್ತೀನಿ. ಫೆರಾರಿ ದಶಕಗಳ ಕಾಲ ಪಿನಿನ್‌ಫರೀನಾ ಸಂಸ್ಥೆಯಿಂದ ರೂಪ ಬರೆಸುತ್ತಿತ್ತು. ಲಾ ಫೆರಾರಿಯನ್ನು ತನ್ನ ಮನೆಯಲ್ಲೇ, ಫ್ಲಾವಿಯೊ ಮಾಂಜೋನಿ ತಂಡದ ಕೈಯಲ್ಲಿ ಬರೆಸಿತು. ಚಾಲಕನ ಸೀಟನ್ನು ಕಾರಿನ ಮೈಗೇ ಸೇರಿಸಿಬಿಟ್ಟಿದ್ದಾರೆ. ಸೀಟು ಅಲುಗಲ್ಲ, ಪೆಡಲ್ಲು ಮತ್ತು ಸ್ಟಿಯರಿಂಗ್ ನಿಮ್ಮ ಹತ್ತಿರ ಬರ್ತವೆ. ಮೆಕ್‌ಲಾರೆನ್ ಒದ್ದೆ ಬಟ್ಟೆ ಮೈಗಂಟಿದ ಹಾಗಿದೆ, ಎಲ್ಲಾ ಕಡೆ ಗಾಳಿ ಹೋಗುವ ಕಿಂಡಿ. ರೇಸ್ ಮೋಡಿನಲ್ಲಿ ಕಾರು 50 ಮಿಲಿಮೀಟರ್ ಕೆಳಗಿಳಿದು, ಹಿಂದಿನ ರೆಕ್ಕೆ 300 ಮಿಲಿಮೀಟರ್ ಹೊರಗೆ ಚಾಚುತ್ತೆ. ಪೋರ್ಷೆ ಮೂರರಲ್ಲಿ ಶಾಂತ. ಛಾವಣಿ ಬಿಚ್ಚಿ ಮುಂದಿನ ಡಿಕ್ಕಿಯಲ್ಲಿಡಬಹುದು. ಹೊಗೆ ಕೊಳವೆಗಳು ನಿಮ್ಮ ಬೆನ್ನ ಹಿಂದೆಯೇ ಆಕಾಶಕ್ಕೆ ಬಾಯಿ ತೆರೆದಿವೆ. ನೋಡೋದಕ್ಕೆ ಯಾವುದು ಅಂದ್ರೆ, ನನ್ನ ಕಣ್ಣು ಇವತ್ತಿಗೂ ಫೆರಾರಿ ಮೇಲೇ.

ಓಡಿಸೋ ಸುಖ? ಪ್ರಾಮಾಣಿಕವಾಗಿ ಹೇಳ್ತೀನಿ, ಮೂರರಲ್ಲಿ ಒಂದನ್ನೂ ನಾನು ಓಡಿಸಿಲ್ಲ. ಪೋರ್ಷೆ ಮಾಡಿದ್ದೇ 918, ಮೆಕ್‌ಲಾರೆನ್ 375. ಫೆರಾರಿ 499, ಆಮೇಲೆ 2016ರಲ್ಲಿ ಇಟಲಿಯ ಭೂಕಂಪ ಸಂತ್ರಸ್ತರಿಗಾಗಿ ಹರಾಜು ಹಾಕಲು ಇನ್ನೊಂದು. ನಮ್ಮಂಥವರ ಕೈಗೆ ಅವು ಎಲ್ಲಿಂದ ಬರಬೇಕು? ಓಡಿಸದೇ ತೀರ್ಪು ಕೊಟ್ಟೆನಲ್ಲ, ನನ್ನ ತಪ್ಪು ಅದೇ.

ಆದರೆ ಓಡಿಸದವನೂ ನೋಡಬಹುದಾದ ಒಂದು ಸಾಕ್ಷಿ ಇದೆ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್, 20 ಕಿಲೋಮೀಟರಿಗೂ ಉದ್ದದ ಘಾಟಿಯಂಥ ಟ್ರ್ಯಾಕ್. 2013ರ ಸೆಪ್ಟೆಂಬರಿನಲ್ಲಿ ಪೋರ್ಷೆ ಅಲ್ಲಿ 6 ನಿಮಿಷ 57 ಸೆಕೆಂಡಿನಲ್ಲಿ ಸುತ್ತು ಮುಗಿಸಿ, ಸಮಯವನ್ನು ಜಗತ್ತಿನ ಮುಂದೆ ಇಟ್ಟಿತು. ಮೆಕ್‌ಲಾರೆನ್ 7 ನಿಮಿಷದೊಳಗೆ ಅಂತ ಹೇಳಿ, ಸರಿಯಾದ ಸಮಯ ಬಿಟ್ಟುಕೊಡಲಿಲ್ಲ. ಫೆರಾರಿ ಮಾತೇ ಆಡಲಿಲ್ಲ. ಅಶ್ವಶಕ್ತಿಯಲ್ಲಿ ಕೊನೆಯವನು ಗಡಿಯಾರದ ಮುಂದೆ ಎದೆಯೊಡ್ಡಿ ನಿಂತ.

ಇನ್ನೊಂದು ಮಾತು. 2024ರ ಅಕ್ಟೋಬರಿನಲ್ಲಿ ಮೆಕ್‌ಲಾರೆನ್ ಡಬ್ಲ್ಯು1, ಫೆರಾರಿ ಎಫ್80 ಬಂದವು. ಒಂದಕ್ಕೆ 1,275, ಇನ್ನೊಂದಕ್ಕೆ 1,200 ಅಶ್ವಶಕ್ತಿ. ನಂಬರ್ ಬಿಡಿ, ಒಳಗೆ ನೋಡಿ. ಫೆರಾರಿ 12 ಸಿಲಿಂಡರ್ ಬಿಟ್ಟು 6ಕ್ಕೆ ಇಳಿದಿದೆ, ಮುಂದಿನ ಚಕ್ರಗಳಿಗೆ ಮೋಟಾರ್ ಕೊಟ್ಟಿದೆ. ಅಂದ್ರೆ, ನಾನು ಕೊನೆಯ ರ್‍ಯಾಂಕ್ ಕೊಟ್ಟವನ ಉತ್ತರವನ್ನೇ, ಮೊದಲ ರ್‍ಯಾಂಕಿನವನು ಬರೆದಿದ್ದಾನೆ. ಮೆಕ್‌ಲಾರೆನ್ ಮಾತ್ರ ಹಿಂದಿನ ಎರಡು ಚಕ್ರ ಬಿಟ್ಟು ಕದಲಿಲ್ಲ. ಆ ಹಟವೂ ನನಗೆ ಇಷ್ಟವೇ.

ಹಾಗಾಗಿ ಅವತ್ತಿನ ತೀರ್ಪು ವಾಪಸ್. ನನ್ನ ಓಟು ಪೋರ್ಷೆಗೆ. ನೀವು ಒಪ್ಪಬೇಕಂತಿಲ್ಲ. ಆದರೆ ನಾಳೆ ನಿಮ್ಮೂರಿನ ಶೋರೂಮಿನಲ್ಲಿ ಸ್ಕೂಟರ್ ಮಾರುವ ಹುಡುಗ ದೊಡ್ಡ ನಂಬರ್ ಹೇಳಿದಾಗ, ನನ್ನ ಅಣ್ಣನ ಮಗ ಕೇಳಿದ ಪ್ರಶ್ನೆಯನ್ನೇ ಕೇಳಿ: ಇದನ್ನ ಯಾಕಿಟ್ಟಿದ್ದೀರಿ?