ಒಡೆಯಲಾಗದ ಸಂಖ್ಯೆ

ಹದಿಮೂರು ನಿಂಬೆಹಣ್ಣುಗಳನ್ನು ಸಮನಾದ ಗುಂಪುಗಳಾಗಿ ಹಂಚಲು ಹೊರಟರೆ ಅವು ಒಪ್ಪುವುದಿಲ್ಲ. ಒಂದೊಂದಾಗಿ ಬಿಡಿಸಿಡಬೇಕು, ಇಲ್ಲವೆ ಎಲ್ಲವನ್ನೂ ಒಂದೇ ರಾಶಿ ಹಾಕಬೇಕು. ಇಂಥ ಸಂಖ್ಯೆಗಳೇ ಅವಿಭಾಜ್ಯಗಳು. ಹದಿಮೂರನ್ನಾದರೆ ಮಗುವೂ ಪರೀಕ್ಷಿಸಿ ನೋಡೀತು. ಆದರೆ ಎರಡನ್ನು ನೂರಿಪ್ಪತ್ತೇಳು ಸಲ ಬರೆದು ಒಟ್ಟಿಗೆ ಗುಣಿಸಿ, ಬಂದುದರಲ್ಲಿ ಒಂದನ್ನು ಕಳೆದರೆ ದೊರೆಯುವ ಸಂಖ್ಯೆಯನ್ನು ನೋಡಿ:

170141183460469231731687303715884105727.

ಮೂವತ್ತೊಂಬತ್ತು ಅಂಕಿಗಳ ಇದು ಅವಿಭಾಜ್ಯವೆಂದು 1644ರಲ್ಲಿ ಪ್ಯಾರಿಸಿನ ಸಂನ್ಯಾಸಿ ಮೆರ್ಸೆನ್ ತನ್ನದೊಂದು ಪಟ್ಟಿಯಲ್ಲಿ ಸೇರಿಸಿದನು. ಹೇಗೆ ತಿಳಿಯಿತೆಂಬುದನ್ನು ಹೇಳಲಿಲ್ಲ. ಪಟ್ಟಿಯಲ್ಲಿ ತಪ್ಪುಗಳೂ ಇದ್ದವೆಂದು ಮುಂದೆ ತಿಳಿಯಿತು. ಆದ್ದರಿಂದ ಅವನ ಮಾತನ್ನೇ ನಂಬುವಂತಿರಲಿಲ್ಲ. ಭಾಗಿಸಿಯೇ ನೋಡೋಣವೆಂದರೆ, ಕ್ಷಣಕ್ಕೊಂದು ಬೆಸಸಂಖ್ಯೆಯಂತೆ ಪ್ರಯತ್ನಿಸಿದರೂ ಸುಮಾರು ಇಪ್ಪತ್ತು ಸಾವಿರ ಕೋಟಿ ವರ್ಷಗಳು ಬೇಕು.

1876ರಲ್ಲಿ ಫ್ರಾನ್ಸಿನ ಎದುವಾರ್ ಲ್ಯೂಕಾ ಈ ಭಾಗಾಕಾರದ ಗೊಡವೆಗೇ ಹೋಗದೆ ಅದು ಅವಿಭಾಜ್ಯವೆಂದು ಸಾಧಿಸಿದನು. ಅವನ ದಾರಿಯನ್ನು 1930ರ ದಶಕದಲ್ಲಿ ಅಮೆರಿಕದ ಲೆಹ್ಮರ್ ತಿದ್ದಿ ಸರಳಗೊಳಿಸಿದನು. ಆ ಸರಳ ರೂಪವನ್ನು ಚಿಕ್ಕದೊಂದು ಉದಾಹರಣೆಯಲ್ಲಿ ನೋಡಬಹುದು. ಎರಡನ್ನು ಐದು ಸಲ ಗುಣಿಸಿ ಒಂದು ಕಳೆದರೆ 31. ನಾಲ್ಕರಿಂದ ಆರಂಭಿಸಿ, ಅದರ ವರ್ಗದಲ್ಲಿ ಎರಡು ಕಳೆಯಿರಿ, 14. ಮತ್ತೆ ವರ್ಗಮಾಡಿ ಎರಡು ಕಳೆದರೆ 194. 31ರಿಂದ ಭಾಗಿಸಿದರೆ ಶೇಷ 8. ಇನ್ನೊಮ್ಮೆ ಹಾಗೆಯೇ ಮಾಡಿದರೆ 62, ಶೇಷ ಸೊನ್ನೆ. ಸೊನ್ನೆ ಬಂದಿತೆಂದರೆ ಸಂಖ್ಯೆ ಅವಿಭಾಜ್ಯ. ಇಲ್ಲಿ ಮೂರು ಹೆಜ್ಜೆ ಸಾಕಾಯಿತು; ನಮ್ಮ ದೊಡ್ಡ ಸಂಖ್ಯೆಗೆ ನೂರಿಪ್ಪತ್ತೈದು.

ಸೊನ್ನೆ ಬಾರದಿದ್ದರೆ? ಆಗ ಸಂಖ್ಯೆ ಒಡೆಯುತ್ತದೆಂದು ನಿಶ್ಚಯ, ಆದರೆ ತುಂಡುಗಳು ಯಾವುವೆಂಬುದು ಕಾಣುವುದಿಲ್ಲ. ನನಗೆ ಅತ್ಯಂತ ಸೋಜಿಗವೆನಿಸುವುದು ಇದೇ. ಮೆರ್ಸೆನ್ನನ ಪಟ್ಟಿಯಲ್ಲಿದ್ದ ಅರವತ್ತೇಳನೆಯ ಘಾತದ ಸಂಖ್ಯೆ ಅವಿಭಾಜ್ಯವಲ್ಲವೆಂದು ಲ್ಯೂಕಾ ತೋರಿಸಿದ್ದನು. ಅದರ ಅಪವರ್ತನಗಳು ಮಾತ್ರ ಇಪ್ಪತ್ತೇಳು ವರ್ಷ ಯಾರಿಗೂ ಸಿಕ್ಕಲಿಲ್ಲ. 1903ರಲ್ಲಿ ಅಮೆರಿಕದ ಗಣಿತಜ್ಞರ ಸಭೆಯಲ್ಲಿ ಫ್ರಾಂಕ್ ಕೋಲ್ ಅವುಗಳನ್ನು ಮುಂದಿಟ್ಟನು: 193707721 ಮತ್ತು 761838257287. ಒಂದು ಮಾತನ್ನೂ ಆಡದೆ ಹಲಗೆಯ ಮೇಲೆ ಗುಣಾಕಾರವನ್ನು ಬರೆದು ಹೋಗಿ ಕುಳಿತನೆಂದು ಹೇಳುತ್ತಾರೆ. ಕಥೆಗೆ ಸ್ವಲ್ಪ ಉಪ್ಪುಖಾರ ಬೆರೆತಿರಬಹುದು. ಗುಣಾಕಾರವನ್ನಂತೂ ತಾಳ್ಮೆಯಿದ್ದವರು ಮನೆಯಲ್ಲಿಯೇ ಮಾಡಿ ನೋಡಬಹುದು.

ಲ್ಯೂಕಾನ ಸಂಖ್ಯೆ 1951ರವರೆಗೆ, ಎಪ್ಪತ್ತೈದು ವರ್ಷ, ತಿಳಿದಿದ್ದ ಅವಿಭಾಜ್ಯಗಳಲ್ಲೆಲ್ಲ ದೊಡ್ಡದಾಗಿ ಉಳಿಯಿತು. ಯಂತ್ರದ ನೆರವಿಲ್ಲದೆ ಅದಕ್ಕಿಂತ ದೊಡ್ಡದನ್ನು ಯಾರೂ ಕಂಡುಹಿಡಿಯಲಿಲ್ಲ. ಅನಂತರ ಗಣಕಗಳು ಬಂದವು. 2024ರಲ್ಲಿ ದೊರೆತ ಅವಿಭಾಜ್ಯಕ್ಕೆ ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಮಿಕ್ಕಿ ಅಂಕಿಗಳು. ಅದನ್ನು ದೃಢಪಡಿಸುವಾಗಲೂ ನಾಲ್ಕರಿಂದ ಆರಂಭಿಸಿ, ವರ್ಗಮಾಡಿ, ಎರಡು ಕಳೆದು, ಕೊನೆಗೆ ಸೊನ್ನೆ ಬಂದಿತೇ ಎಂದೇ ನೋಡಿದರು.